ಧ್ವನಿಸುರುಳಿಯ ವಿಮರ್ಶೆ: ಮಾನದಂಡಗಳ ಮರುಪರಿಶೀಲನೆ

ಕನ್ನಡದಲ್ಲಿ ಧ್ವನಿಸುರುಳಿಗಳ ಬಗ್ಗೆ ಬಂದಿರುವ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ಜಾಡುಗಳು ಎದ್ದು ಕಾಣುತ್ತವೆ. ಒಂದು ಕಛೇರಿಯ ಜಾಡು. ಶ್ರುತಿ ನಿಂತಿತೇ, ಲಯ ಬಿಗಿಯಿತ್ತೇ, ಕಂಠ ಮೂರು ಸ್ಥಾಯಿಗಳಲ್ಲಿ ಓಡಾಡಿತೇ ಎಂಬುದು ಅಲ್ಲಿನ ವಿಚಾರಣೆ. ಇನ್ನೊಂದು ಕಾವ್ಯದ ಜಾಡು. ಉಚ್ಚಾರ ಶುದ್ಧವಾಗಿದೆಯೇ, ಕವಿಯ ಆಶಯಕ್ಕೆ ಚ್ಯುತಿ ಬಂದಿದೆಯೇ ಎಂದು ಅದು ಕೇಳುತ್ತದೆ. ಎರಡೂ ಬೇಕಾದವೇ. ಆದರೆ ಎರಡರಲ್ಲೂ ಧ್ವನಿಮುದ್ರಿಕೆಯೆಂಬುದು ಬರೀ ಸಾಗಣೆಯ ಸಾಧನ: ಬೇರೆಲ್ಲೋ ಪೂರ್ಣವಾಗಿ ಆಗಿಹೋದ ಹಾಡನ್ನು ನಮ್ಮ ಮನೆಗೆ ತಂದುಕೊಡುವುದಷ್ಟೇ ಅದರ ಕೆಲಸ. ಈ ಲೇಖನ ಆ ಗ್ರಹಿಕೆಯನ್ನು ಒಪ್ಪುವುದಿಲ್ಲ. ಯಾವ ಪದ್ಯ ಮೊದಲು, ಯಾವ ನುಡಿ ಕೈಬಿಡಬೇಕು, ಯಾವ ಸಾಲು ಮರಳಿ ಬರಬೇಕು, ಹಾಡು ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನಗಳು ಸೇರಿ ಆಗುವ ಧ್ವನಿಮುದ್ರಿಕೆ ತಾನೇ ಒಂದು ಕೃತಿ. ವಿಮರ್ಶೆ ಶುರುವಾಗಬೇಕಾದದ್ದು ಆ ತೀರ್ಮಾನಗಳಿಂದ.

ಮೊದಲು ಕಾಲದ ಮಾತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿದಾಗ ತಟ್ಟೆಯೊಂದರಲ್ಲಿ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡಬಲ್ಲ ಗಾಯಕಿ ಆ ಮೂರು ನಿಮಿಷಕ್ಕೆ ಹಾಡನ್ನು ಹೊಂದಿಸಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿ ನಿಲ್ಲಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಲೆಂದು ಈ ಏರ್ಪಾಡು ಎಂಬ ವಿವರಣೆ ಪ್ರಚಲಿತವಾಗಿದೆ. ಕಾರ್ಖಾನೆಯ ಅನುಕೂಲಕ್ಕೆಂದು ಬಂದ ಆ ಕೂಗು ಇಂದು ನಮಗೆ ಹಾಡಿನ ಅಂಗವಾಗಿಯೇ ಕೇಳಿಸುತ್ತದೆ. ಅದನ್ನು ಕತ್ತರಿಸಿದ ಪ್ರತಿಯನ್ನು ಕೇಳಿದರೆ ಹಾಡು ಅರ್ಧಕ್ಕೆ ನಿಂತಂತಾಗುತ್ತದೆ. ತಂತ್ರದ ನಿರ್ಬಂಧ ರೂಪದ ಲಕ್ಷಣವಾಗಿ ಮಾರ್ಪಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. (ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಸಂಗೀತ ಚರಿತ್ರೆಗಳು ಇದನ್ನು ಅಡಿಟಿಪ್ಪಣಿಯ ಮಟ್ಟದಿಂದ ಮೇಲೆತ್ತಿಲ್ಲ.)

ಮೂರು ನಿಮಿಷದ ತಟ್ಟೆಯನ್ನು ದೊಡ್ಡ ಗಾಯನದ ತುಣುಕೆಂದು ಕಾಣುವವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯನ್ನು ಇನ್ನೊಮ್ಮೆ ಕೇಳಬೇಕು. ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನರಸಿ ಮನೆ ಬಿಟ್ಟು ಹೊರಡಲು ಆ ತಟ್ಟೆಯೇ ಪ್ರೇರಣೆಯೆಂಬುದು ಅವರ ಜೀವನಕಥನದಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಕಡೆಗೆ ಅವರಿಗೆ ಗುರುವಾಗಿ ಸಿಕ್ಕವರು ಅದೇ ಖಾನ್ ಸಾಹೇಬರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರು. ತುಣುಕಾಗಿದ್ದರೆ ಅದು ಹುಡುಗನೊಬ್ಬನನ್ನು ಊರು ಬಿಡಿಸುವಷ್ಟು ಪೂರ್ಣವಾಗಿ ಕೇಳಿಸುತ್ತಿರಲಿಲ್ಲ. ಅಲ್ಲಿ ಆಲಾಪಕ್ಕೆ ಹರವು ಇಲ್ಲ, ನಿಜ. ಆದರೆ ಸ್ವರವೊಂದನ್ನು ಹಿಡಿದು ನಿಲ್ಲುವ ಧೈರ್ಯವಿದೆ. ಸಮಯ ಕಡಿಮೆಯಿದ್ದಾಗ ಆತುರಪಡದಿರುವುದೇ ಅಲ್ಲಿನ ಕಲೆ. ಇದನ್ನು ಖಯಾಲ್ ಕಛೇರಿಯ ಅಳತೆಗೋಲಿನಿಂದ ಅಳೆದರೆ ಕೊರತೆ ಕಾಣುತ್ತದೆ. ತಟ್ಟೆಯ ಅಳತೆಗೋಲಿನಿಂದ ಅಳೆದರೆ ಕಾಣುವುದು ಮಿತವ್ಯಯ.

ಈ ಹಿನ್ನೆಲೆಯಲ್ಲಿ ಕನ್ನಡಕ್ಕೆ ಬರೋಣ. ಭಾವಗೀತೆಯನ್ನು ವೇದಿಕೆಗೆ ತಂದ ದೊಡ್ಡ ಕೆಲಸ ಪಿ. ಕಾಳಿಂಗರಾಯರದು. ಕ್ಯಾಸೆಟ್ಟಿನ ಯುಗವನ್ನು ಆರಂಭಿಸಿದ್ದು 1978ರ ‘ನಿತ್ಯೋತ್ಸವ’: ಕೆ.ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಅದನ್ನು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಗುರುತಿಸುವುದು ವಾಡಿಕೆ. ಸಾಮಾನ್ಯವಾಗಿ ಪ್ರತಿ ಮಗ್ಗುಲಿಗೆ ಅರ್ಧ ಗಂಟೆ ಹಿಡಿಸುತ್ತಿದ್ದ ಕ್ಯಾಸೆಟ್ಟು ಗ್ರಾಮಫೋನಿಗಿಂತ ಅಗ್ಗ, ಎತ್ತಿಕೊಂಡು ಹೋಗಲು ಹಗುರ. ಮನೆಯ ಟೇಪ್ ರೆಕಾರ್ಡರಿನಲ್ಲಿ ಅದೇ ಹಾಡನ್ನು ಹಿಂದಕ್ಕೆ ಸುತ್ತಿ ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಕವನಸಂಕಲನವನ್ನು ಎಂದೂ ಕೊಳ್ಳದ ಮನೆಗಳಲ್ಲಿ ಕವಿಯೊಬ್ಬರ ಪದ್ಯಗಳು ಬಾಯಿಪಾಠವಾದದ್ದು ಹೀಗೆ.

ಶೀರ್ಷಿಕೆಗೀತೆಯ ರಚನೆಯನ್ನೇ ಹತ್ತಿರದಿಂದ ನೋಡಬಹುದು. ಮೊದಲೆರಡು ನುಡಿಗಳಲ್ಲಿ ಪೂರ್ಣ ಕ್ರಿಯಾಪದವೇ ಇಲ್ಲ. ಜೋಗ, ತುಂಗೆ, ಸಹ್ಯಾದ್ರಿ, ಆಮೇಲೆ ಶಾಸನ, ಓಲೆಗರಿ, ದೇಗುಲದ ಗೋಡೆ ಎಂದು ಸಪ್ತಮಿಯ ಪದಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಏನು ನಡೆಯುತ್ತಿದೆ ಎಂಬುದು ಪಲ್ಲವಿ ಬರುವ ತನಕ ತಿಳಿಯುವುದಿಲ್ಲ. ವಾಕ್ಯ ಮುಗಿಯದೆ ತೂಗುವ ಈ ಸ್ಥಿತಿ ಸಂಗೀತಕ್ಕೆ ಹೇಳಿ ಮಾಡಿಸಿದಂತಿದೆ. ವ್ಯಾಕರಣ ಕಾಯಿಸುತ್ತದೆ, ರಾಗಸಂಯೋಜನೆ ಆ ಕಾಯುವಿಕೆಯನ್ನು ಪಲ್ಲವಿಯಲ್ಲಿ ಇಳಿಸುತ್ತದೆ. ಮೂರನೆಯ ನುಡಿಯಲ್ಲಿ ಕವಿ ದಾರಿ ಬದಲಿಸುತ್ತಾರೆ. ಅಲ್ಲಿ ಸಪ್ತಮಿಯಿಲ್ಲ, ಸಂಬೋಧನೆಯಿದೆ. ಅಲ್ಲಿಯವರೆಗೆ ಸ್ಥಳಗಳಲ್ಲಿ ಹಂಚಿಹೋಗಿದ್ದ ನಾಡು ಈಗ ಎದುರಿಗೆ ನಿಂತ ವ್ಯಕ್ತಿಯಾಗುತ್ತದೆ. ಪಂಗಡಗಳ ಎಣಿಕೆಯನ್ನು ಮೀರಿದ ಔದಾರ್ಯವೇ ಆ ವ್ಯಕ್ತಿಯ ಗುಣ. ಕವಿತೆಯ ರಾಜಕೀಯ ಅರ್ಥವಿರುವುದು ಈ ತಿರುವಿನಲ್ಲಿ. ಹಾಡಿನಲ್ಲಾದರೋ ಮೂರು ನುಡಿಗಳೂ ಅದೇ ಪಲ್ಲವಿಗೆ, ಅದೇ ಸ್ವರಗಳಿಗೆ ಬಂದು ಸೇರುವುದರಿಂದ ಮೂರೂ ಸಮಾನ ತೂಕದವಾಗಿ ಕಿವಿಗೆ ಬೀಳುತ್ತವೆ. ಸಾಲದ್ದಕ್ಕೆ, ರಾಜ್ಯೋತ್ಸವದ ಸಮಾರಂಭಗಳಲ್ಲಿ ಎಲ್ಲರ ಬಾಯಲ್ಲಿ ಓಡುವುದು ಮೊದಲ ನುಡಿ; ಮೂರನೆಯದಕ್ಕೆ ಬರುವಾಗ ದನಿಗಳು ತೆಳುವಾಗುತ್ತವೆ. ಸಂಯೋಜನೆ ಕೆಟ್ಟದ್ದೆಂಬುದು ನನ್ನ ವಾದವಲ್ಲ. ಹಾಡು ಇಷ್ಟು ಹರಡಿದ್ದಕ್ಕೆ ಆ ಸಮಾನತೆಯೇ ಕಾರಣವಿರಬಹುದು. ಆದರೆ ಪಲ್ಲವಿಯೆಂಬುದು ಕವಿತೆಯ ಒಂದು ವ್ಯಾಖ್ಯಾನ, ಮತ್ತು ವ್ಯಾಖ್ಯಾನವೊಂದು ಗೆದ್ದಾಗ ಇನ್ನೊಂದು ಹಿಂದೆ ಸರಿಯುತ್ತದೆ ಎಂಬುದನ್ನು ವಿಮರ್ಶಕ ಹೇಳಲೇಬೇಕು.

ನಿಸಾರರದೇ ‘ಕುರಿಗಳು ಸಾರ್ ಕುರಿಗಳು’ ಇನ್ನೂ ತಮಾಷೆಯ ಪ್ರಕರಣ. ಹಿಂಡಿನ ಹಿಂದೆ ಹೋಗುವವರನ್ನು ಗೇಲಿ ಮಾಡುವ ಪದ್ಯವದು. ಅದು ಹಾಡಾಗಿ, ಸಭಾಂಗಣದ ಜನರೆಲ್ಲ ಚಪ್ಪಾಳೆ ತಟ್ಟುತ್ತ ಒಂದೇ ದನಿಯಲ್ಲಿ ಹೇಳುವಂತಾದಾಗ ವಿಡಂಬನೆ ಕಳೆದುಹೋಯಿತೇ, ಇಲ್ಲ ಪೂರ್ಣವಾಯಿತೇ? ಪೂರ್ಣವಾಯಿತೆಂದೇ ನನಗನ್ನಿಸುತ್ತದೆ, ಹಾಡುವವರಿಗೆ ಅದು ಗೊತ್ತಿರಲಿ ಬಿಡಲಿ.

ಒಂದೇ ಪದ ಎರಡು ಬೇರೆ ಧ್ವನಿಮುದ್ರಿಕೆಗಳಲ್ಲಿ ಬಂದಾಗ ಈ ಬಗೆಯ ಓದು ಇನ್ನಷ್ಟು ಫಲ ಕೊಡುತ್ತದೆ. ಶಿಶುನಾಳ ಶರೀಫರ (1819–1889) ತತ್ವಪದಗಳು ಭಜನೆಯ ಕೂಟಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳ ಜೊತೆ ಬದುಕಿದವು. ಅಲ್ಲಿ ಹಾಡಿಗೆ ನಿಗದಿಯಾದ ಅವಧಿಯಿಲ್ಲ. ಒಬ್ಬರು ಹೇಳಿ ಉಳಿದವರು ಹಿಮ್ಮೇಳ ಹಿಡಿಯುತ್ತ, ಕೂಟಕ್ಕೆ ಸಾಕೆನಿಸುವ ತನಕ ಅದು ನಡೆಯುತ್ತದೆ. ಸಿ. ಅಶ್ವಥ್ ಅದೇ ಪದಗಳನ್ನು ತಮ್ಮ ಏರುದನಿಯಲ್ಲಿ, ವಾದ್ಯವೃಂದದ ಮುಂದೆ ಒಬ್ಬ ವ್ಯಕ್ತಿಯ ಒಳಗುದಿಯಾಗಿಸಿದರು. ಮನೆಯ ಮಾಳಿಗೆ ಸೋರುವ ಪದದಲ್ಲಿ ಸೋರುವುದು ದೇಹವೆಂಬ ಮನೆ. ದುರಸ್ತಿ ಮಾಡುವವರಿಲ್ಲ ಎಂಬುದು ಅಳಲು. ಕೂಟ ಹಾಡಿದಾಗ ಅದು ಎಲ್ಲರ ಮನೆಯ ಸಂಗತಿ. ಅಶ್ವಥ್ ಹಾಡಿದಾಗ ಹಾಗೆ ಸೋರುತ್ತಿರುವುದು ಒಬ್ಬ ಮನುಷ್ಯನ ಮನೆ, ನಾವು ಹೊರಗೆ ನಿಂತು ಕೇಳಿಸಿಕೊಳ್ಳುವವರು. 2008ರಲ್ಲಿ ವಿಶಾಲ್–ಶೇಖರ್ ಹೊರತಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲೂ ಆ ಪದವಿದೆ, ಗುಡುಗುಡಿ ಸೇದುವ ಪದದ ಜೊತೆಗೆ. ಅಲ್ಲಿ ಗಿಟಾರು, ಡ್ರಮ್ಸುಗಳಿವೆ ಎನ್ನುವುದನ್ನು ಎಲ್ಲರೂ ಬರೆದರು. ನೆರೆಹೊರೆಯ ಬಗ್ಗೆ ಬರೆದವರು ಕಡಿಮೆ. ಆ ಆಲ್ಬಮ್ಮಿನಲ್ಲಿ ಶರೀಫರ ಅಕ್ಕಪಕ್ಕ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳಿವೆ, ಮುಂಬೈಯಲ್ಲಿ ಪವಾಡಕ್ಕಾಗಿ ಕಾಯುವ ಯುವಕನ ಹಾಡೂ ಇದೆ. ಅದರ ಜೊತೆಯಲ್ಲಿ ಕೇಳಿದಾಗ ಸೋರುವ ಮಾಳಿಗೆ ಬಾಡಿಗೆಯ ಮನೆಯದೂ ಆಗಿ ಕೇಳಿಸುತ್ತದೆ. ಅಧ್ಯಾತ್ಮದ ರೂಪಕ ಮತ್ತೆ ಇಟ್ಟಿಗೆ ಗಾರೆಗೆ ಇಳಿಯುವ ಈ ಚಲನೆಗೆ ಕಾರಣ ರಾಗವೂ ಅಲ್ಲ, ಸಾಹಿತ್ಯವೂ ಅಲ್ಲ, ಜೋಡಣೆ. ಶರೀಫರ ಭಾಷೆಯನ್ನು ‘ಫ್ಯೂಷನ್’ ಕೆಡಿಸಿತೆಂಬ ಆಗಿನ ದೂರು ಜೋಡಣೆಯನ್ನು ಕೇಳಿಸಿಕೊಳ್ಳದೆ ಮಾಡಿದ ದೂರು.

ಹೋಲಿಕೆಯಲ್ಲಿ ಆತುರ ಸಲ್ಲದು ಎನ್ನುವುದಕ್ಕೆ ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಒಳ್ಳೆಯ ಎಚ್ಚರಿಕೆ. 1964ರಲ್ಲಿ ಕಛೇರಿಗಳಿಗೇ ವಿದಾಯ ಹೇಳಿ ಸ್ಟುಡಿಯೋವನ್ನು ಆರಿಸಿಕೊಂಡವರು ಅವರು. ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಶನ್ಸ್’ ಕೃತಿಯನ್ನು 1955ರಲ್ಲೂ 1981ರಲ್ಲೂ ಮುದ್ರಿಸಿದರು. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು ಸುಮಾರು 51. ಯೌವನದ ವೇಗ, ಪ್ರೌಢಿಮೆಯ ನಿಧಾನ ಎಂದು ವಿಮರ್ಶಕರು ಸಲೀಸಾಗಿ ಬರೆಯುತ್ತ ಬಂದಿದ್ದಾರೆ. ಆರಂಭದ ‘ಆರಿಯಾ’ ಎಂಬ ಭಾಗದ ಮಟ್ಟಿಗೆ ಅದು ಸರಿ. ಆದರೆ 1955ರಲ್ಲಿ ಅವರು ಪುನರಾವರ್ತನೆಗಳನ್ನೆಲ್ಲ ಬಿಟ್ಟಿದ್ದರು, 1981ರಲ್ಲಿ ಕೆಲವನ್ನು ನುಡಿಸಿದರು. ಹೆಚ್ಚಿದ ನಿಮಿಷಗಳಲ್ಲಿ ಒಂದು ಪಾಲು ನಿಧಾನದ್ದಲ್ಲ, ಮರಳುವಿಕೆಯದು. ಎಣಿಸದೆ ಬರೆದರೆ ಮನೋಧರ್ಮದ ಕತೆ ಹುಟ್ಟುತ್ತದೆ, ಎಣಿಸಿದರೆ ರೂಪದ ವಿವರಣೆ. ನಮ್ಮಲ್ಲೂ ಅಷ್ಟೆ: ಅನಂತಸ್ವಾಮಿಯವರದು ಮೃದು, ಅಶ್ವಥ್ ಅವರದು ಉಗ್ರ ಎಂಬ ಚಾಲ್ತಿಯ ಮಾತನ್ನು ಒಪ್ಪುವ ಮೊದಲು ಇಬ್ಬರೂ ಯಾವ ಸಾಲನ್ನು ಎಷ್ಟು ಸಲ ಮರಳಿ ತಂದಿದ್ದಾರೆಂದು ಗುರುತು ಹಾಕಿಕೊಳ್ಳುವುದು ಒಳಿತು.

ಇದಕ್ಕೆಲ್ಲ ಆಕರ ಬೇಕು, ತೊಡಕಿರುವುದು ಅಲ್ಲೇ. ಹಳೆಯ ಕ್ಯಾಸೆಟ್ಟುಗಳು ಸಿ.ಡಿ.ಗೆ ಬಂದಾಗ ಮಗ್ಗುಲುಗಳು ಅಳಿದವು. ಅರ್ಧ ಗಂಟೆಯ ನಂತರ ಕೇಳುಗ ಎದ್ದು ತಿರುವಿ ಹಾಕುತ್ತಿದ್ದ ವಿರಾಮ ಇಲ್ಲವಾಯಿತು. ಆಮೇಲೆ ಬಂದ ಆಯ್ದ ಗೀತೆಗಳ ಸಂಕಲನಗಳು ಬೇರೆ ಬೇರೆ ಸುರುಳಿಗಳ ಹಾಡುಗಳನ್ನು ಕಲಸಿದವು. ಈಗಿನ ಮೊಬೈಲ್ ಆ್ಯಪ್‌ಗಳಲ್ಲಿ ಕ್ರಮವೆಂಬುದು ಕೇಳುಗನ ಚಾಳಿಗೆ ಬಿಟ್ಟದ್ದು. ಗಾಯಕರ ಹೆಸರಿರುವ ಕಡೆ ಎಷ್ಟೋ ಸಲ ಕವಿಯ ಹೆಸರೇ ಇರುವುದಿಲ್ಲ, ತಬಲಾ, ಕೊಳಲು ನುಡಿಸಿದವರ ಮಾತಂತೂ ದೂರವೇ ಉಳಿಯಿತು. ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಟ್ಟಿರುತ್ತಿದ್ದ ಕಾಗದದಲ್ಲಿ ಈ ಹೆಸರುಗಳೂ, ಹಾಡುಗಳ ಕ್ರಮವೂ, ಕೆಲವೊಮ್ಮೆ ಕವಿಯ ಮುನ್ನುಡಿಯೂ ಸಿಗುತ್ತಿದ್ದವು. ನಮ್ಮ ಗ್ರಂಥಾಲಯಗಳು ಪುಸ್ತಕದ ಮೊದಲ ಮುದ್ರಣವನ್ನು ಕಾಪಾಡುವಂತೆ ಆ ಕಾಗದಗಳನ್ನೂ ಕಾಪಾಡಬೇಕು. ಅಲ್ಲಿಯವರೆಗೆ, ಧ್ವನಿಸುರುಳಿಯ ಬಗ್ಗೆ ಬರೆಯುವವರು ತಾವು ಕೇಳಿದ್ದು ಮೂಲ ಕ್ಯಾಸೆಟ್ಟನ್ನೋ, ಸಿ.ಡಿ.ಯನ್ನೋ, ಆ್ಯಪ್‌ನ ಪಟ್ಟಿಯನ್ನೋ ಎಂಬುದನ್ನು ಲೇಖನದ ಮೊದಲ ಪುಟದಲ್ಲೇ ನಮೂದಿಸಬೇಕು. ಕ್ರಮದ ಬಗ್ಗೆ ಆಡಿದ ಮಾತು ನಿಲ್ಲುವುದು, ಬೀಳುವುದು ಆ ನಮೂದಿನ ಮೇಲೆ.