‘ಶ್ರೀ ವಿರೂಪಾಕ್ಷ’ ಎಂಬ ರಾಜಾಂಕಿತ

ವಿಜಯನಗರದ ಅರಸರ ತಾಮ್ರಶಾಸನಗಳು ಬಹುಮಟ್ಟಿಗೆ ಸಂಸ್ಕೃತ ಭಾಷೆಯಲ್ಲಿ, ನಂದಿನಾಗರಿ ಲಿಪಿಯಲ್ಲಿವೆ. ಆದರೆ ಅವುಗಳ ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವಿರುತ್ತದೆ. ಅದು ದೇವತಾಸ್ತುತಿಯಲ್ಲ, ದಾನಕೊಟ್ಟ ದೊರೆಯ ರುಜು. ತನ್ನ ಹೆಸರಿಗೆ ಬದಲಾಗಿ ಅರಸನು ಪಂಪಾಕ್ಷೇತ್ರದ ಒಡೆಯನ ಹೆಸರನ್ನು ಬರೆಯುತ್ತಿದ್ದನು. ಓದುವಾಗ ಕಣ್ಣು ಜಾರಿಹೋಗುವ ಈ ಐದಕ್ಷರಗಳಲ್ಲಿ ಅಂದಿನ ರಾಜಪ್ರಭುತ್ವದ ಮುಖ್ಯ ತತ್ತ್ವವೊಂದು ಅಡಗಿದೆ.

ಅದರ ಬೆಲೆಯನ್ನು ಅರಿಯಬೇಕಾದರೆ ಮೊದಲು ಕಂಪ್ಲಿಯ ಕಡೆಗೆ ನೋಡಬೇಕು. ಅಲ್ಲಿಯ ಕಂಪಿಲರಾಯನ ರಾಜ್ಯವು ಅವನ ಬಾಹುಬಲದಿಂದ ಬೆಳೆದು ಅವನೊಡನೆಯೇ ಅಳಿಯಿತು. ಮಹಮ್ಮದ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಬಂದ ಬಹಾಉದ್ದೀನ ಗುರ್ಶಾಸ್ಪನಿಗೆ ಕಂಪಿಲನು ಆಶ್ರಯವಿತ್ತನು. 1327ರಲ್ಲಿ ದೆಹಲಿಯ ಸೇನೆಯೊಡನೆ ಹೋರಾಡಿ ಮಡಿದನು. ಶರಣಾಗತರಕ್ಷಣೆ ಅರಸನ ಧರ್ಮವೇ ಸರಿ. ಆದರೆ ಆ ಧರ್ಮಕ್ಕೆ ಬೆಲೆ ತೆತ್ತದ್ದು ಇಡೀ ನಾಡು. ಒಬ್ಬನ ಮಾತಿನ ಮೇಲೆ ನಿಂತ ಪ್ರಭುತ್ವದ ಹಿರಿಮೆಯೂ ಅಪಾಯವೂ ಇಲ್ಲಿ ಒಟ್ಟಿಗೇ ಕಾಣುತ್ತವೆ.

ಅನಂತರ ಹಂಪೆಯಲ್ಲಿ ನೆಲೆನಿಂತ ಸಂಗಮರು ರಾಜ್ಯದ ಒಡೆತನವನ್ನು ವಿರೂಪಾಕ್ಷನಿಗೆ ಒಪ್ಪಿಸಿ, ತಾವು ಅವನ ಹೆಸರಿನಲ್ಲಿ ಆಳುವವರಾದರು. ಇದರಿಂದ ಸಿಂಹಾಸನವು ನಿಷ್ಕಂಟಕವಾಯಿತೆಂದು ತಿಳಿಯಬಾರದು. ಪ್ರೌಢದೇವರಾಯನ ಕಾಲವೆಂದರೆ ‘ಶಿವತತ್ತ್ವಚಿಂತಾಮಣಿ’ಯ ಕರ್ತೃ ಲಕ್ಕಣ್ಣ ದಂಡೇಶನೂ ಚಾಮರಸ ಕವಿಯೂ ಬಾಳಿದ ಕಾಲ. ಆ ದೊರೆಯನ್ನೇ ಅವನ ಸೋದರನು ಔತಣದ ನೆಪದಲ್ಲಿ ಕೊಲ್ಲಲು ಯತ್ನಿಸಿದ ಸಂಗತಿಯನ್ನು 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಬರೆದಿಟ್ಟಿದ್ದಾನೆ. ಮುಂದೆ 1485ರ ಸುಮಾರಿಗೆ ಸಾಳುವ ನರಸಿಂಹನು ಸಂಗಮರಿಂದ ಪಟ್ಟವನ್ನು ಕಸಿದನು. 1505ರಲ್ಲಿ ತುಳುವ ವೀರನರಸಿಂಹನು ಸಾಳುವರಿಂದ ಅದನ್ನು ಕಸಿದನು.

ವಂಶಗಳು ಹೀಗೆ ಉರುಳಿದರೂ ಅಂಕಿತವು ಅಳಿಯಲಿಲ್ಲ. ಇಂದಿನ ಹೊಸಪೇಟೆಯನ್ನು, ಎಂದರೆ ಅಂದಿನ ನಾಗಲಾಪುರವನ್ನು, ಕಟ್ಟಿಸಿದ ಕೃಷ್ಣದೇವರಾಯನು ತಿರುಪತಿಯ ಪರಮಭಕ್ತ. ಅವನೂ ‘ಶ್ರೀ ವಿರೂಪಾಕ್ಷ’ ಎಂದೇ ರುಜು ಹಾಕಿದನು. ಪಟ್ಟಾಭಿಷೇಕದ ಸಂದರ್ಭದಲ್ಲಿ ಹಂಪೆಯ ಗುಡಿಗೆ ರಂಗಮಂಟಪವನ್ನು ಕಟ್ಟಿಸಿದನು. ನಿತ್ಯನಾದ ಒಡೆಯನ ಹೆಸರಿನಲ್ಲಿ ಆಡಳಿತ ನಡೆದುದರಿಂದ, ಪಟ್ಟಕ್ಕೆ ಬಂದವನು ರಾಜ್ಯವನ್ನು ಮೊದಲಿನಿಂದ ಸ್ಥಾಪಿಸಬೇಕಾಗಲಿಲ್ಲ. ಅಪಹಾರದ ಕಳಂಕಕ್ಕೂ ಅದೇ ಹೆಸರು ಮರೆಯಾಯಿತೆಂದು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

1565ರ ಸೋಲಿನ ತರುವಾಯ ಅರಸರು ಪೆನುಗೊಂಡೆಗೂ, ಅಲ್ಲಿಂದ ಚಂದ್ರಗಿರಿಗೂ ಹೋದರು. ಅರವೀಡು ವಂಶದ ವೆಂಕಟಪತಿರಾಯನ (1586–1614) ಶಾಸನಗಳ ಕೊನೆಯಲ್ಲಿ ಕಾಣುವ ಅಂಕಿತ ‘ಶ್ರೀ ವೆಂಕಟೇಶ’. ಹಂಪೆಯ ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿದೆ.