ಕೋವಿಯ ಮಾತು, ಕಮ್ಮಾರನ ಮಾತು

ಗಡಿನಾಡುಗಳಲ್ಲಿ ಪದಸಂಗ್ರಹಕ್ಕೆ ಹೊರಟ ನಾವು ನೇಗಿಲು, ಗಾಣ, ಮಗ್ಗಗಳ ಹತ್ತಿರ ದಿನಗಟ್ಟಲೆ ಕೂರುತ್ತೇವೆ. ಕೋವಿಯ ಹತ್ತಿರ ಮಾತ್ರ ‘ಕೋವಿ, ತುಪಾಕಿ, ಬಂದೂಕು’ ಎಂದು ಬರೆದುಕೊಂಡು ಎದ್ದುಬಿಡುತ್ತೇವೆ. ಇದು ಸಾಲದು.

ಹೆಸರುಗಳು ಬಂದ ದಾರಿ ತಿಳಿದದ್ದೇ. ತುಪಾಕಿಯ ಬೇರು ತುರ್ಕಿಯಲ್ಲಿದೆ; ಬಂದೂಕಿನದು ಅರಬ್ಬಿಯಲ್ಲಿ. ಕೊಡವರದು ತೋಕ್, ಮಲೆಯಾಳದಲ್ಲೂ ಹೆಚ್ಚುಕಡಿಮೆ ಅದೇ. ತುಳುವರು ಬೆಡಿ ಅನ್ನುತ್ತಾರೆ. ಆದರೆ ಕಾಸರಗೋಡಿನ ಕಡೆ ‘ಕುಂಬಳೆ ಬೆಡಿ’ ಎಂದರೆ ಯಾರೂ ಕೋವಿ ಹುಡುಕುವುದಿಲ್ಲ, ಗೋಪಾಲಕೃಷ್ಣ ದೇವಸ್ಥಾನದ ಉತ್ಸವದ ಸಿಡಿಮದ್ದು ನೋಡಲು ಹೋಗುತ್ತಾರೆ.

ನಿಜವಾದ ಸಂಪತ್ತು ಇರುವುದು ಕೆಲಸದ ಮಾತಿನಲ್ಲಿ. ಬಾಯಿಂದ ಮದ್ದು ತುಂಬುವ ಹಳೇ ಕೋವಿಯ ನಳಿಗೆಯನ್ನು ಕೊರೆದು ತೆಗೆಯುತ್ತಿರಲಿಲ್ಲ. ಕಬ್ಬಿಣದ ಪಟ್ಟಿಯನ್ನು ಸರಳಿಗೆ ಸುತ್ತಿ, ಕುಲುಮೆಯಲ್ಲಿ ಬಿಳಿಗಾವು ಬರುವ ತನಕ ಕಾಯಿಸಿ, ಗೇಣುಗೇಣಾಗಿ ಬಡಿದು ಬೆಸೆಯುತ್ತಿದ್ದರು. ಆಮೇಲೆ ಒಳಗನ್ನು ಉಜ್ಜಿ ನೇರ ಮಾಡಬೇಕು, ಹಿಂಬದಿ ಮುಚ್ಚಬೇಕು, ಕಿಡಿ ಒಳಗಿಳಿಯಲು ಬದಿಯಲ್ಲೊಂದು ತೂತು ಬೇಕು. ಬೆಸುಗೆ ಒಂದು ಕಡೆ ಸೋತರೂ ಹೊಡೆದವನ ಕೈ ಹೋಯಿತು! ಅದಕ್ಕೇ ಹೊಸ ನಳಿಗೆಗೆ ಹೆಚ್ಚು ಮದ್ದು ತುಂಬಿ, ದೂರ ನಿಂತು ಸಿಡಿಸಿ ನೋಡುವುದು. ಮರದ ಹಿಡಿ ಕೂರಿಸಿ ಎಣ್ಣೆ ತಿಕ್ಕುವುದು ಕೊನೆಯ ಕೆಲಸ. ರೈಫಲ್ಲಾದರೆ ಒಳಗೆ ತಿರುಪಿನ ಗೀರು ಕೊರೆಯಬೇಕು; ಆ ವಸ್ತುವಿಗೆ ನಾವು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡೆವು.

ಇಲ್ಲಿ ಒಂದು ಸ್ವಾರಸ್ಯ. ಬೀಳುವ ಕೊಕ್ಕೆಗೆ ಕನ್ನಡದಲ್ಲಿ ಕುದುರೆ, ತಮಿಳಿನಲ್ಲಿ ಕುದಿರೈ, ತೆಲುಗಿನಲ್ಲಿ ಗುರ್ರಮು, ಮರಾಠಿಯಲ್ಲಿ ಘೋಡಾ. ಭಾಷೆ ನಾಲ್ಕು, ಪ್ರಾಣಿ ಒಂದೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಪುಡಿಯೂ ಹಾಗೆಯೇ: ನಮಗೆ ಮದ್ದು, ತಮಿಳರಿಗೆ ಮರುಂದು, ತೆಲುಗರಿಗೆ ಮಂದು, ಎಲ್ಲವೂ ಔಷಧಿಯ ಹೆಸರೇ. ಹಿಂದೂಸ್ತಾನಿಯ ದಾರೂ ಸಹ ಔಷಧಿಯೂ ಹೌದು, ಸಿಡಿಮದ್ದೂ ಹೌದು. ಒಂದು ಭಾಷೆ ಇನ್ನೊಂದರಿಂದ ಶಬ್ದ ಎತ್ತಿಕೊಂಡದ್ದಲ್ಲ ಇದು, ಅರ್ಥವನ್ನು ಎತ್ತಿಕೊಂಡದ್ದು. ಸಿಪಾಯಿಗಳೂ ಕಸುಬಿನವರೂ ಊರಿಂದೂರಿಗೆ ಹೊತ್ತು ತಂದಿರಬೇಕೆಂದು ನನ್ನ ಊಹೆ.

ಈ ಮಾತುಗಳನ್ನು ಕೇಳಿ ಬರೆದುಕೊಳ್ಳುವುದು ಕಷ್ಟ. 1861ರಲ್ಲಿ ಕೊಡಗಿನವರಿಗೆ ಸಿಕ್ಕ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಉಳಿದುಬಂತು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಪಕ್ಕದ ವಯನಾಡು, ಕಾಸರಗೋಡುಗಳಿಗೆ ಅದಿಲ್ಲ. 1878ರ, ಆಮೇಲೆ 1959ರ ಆಯುಧ ಕಾಯಿದೆಯ ಕೆಳಗೆ ಲೈಸನ್ಸಿಲ್ಲದೆ ಕೋವಿ ಮಾಡುವುದೇ ಅಪರಾಧವಾಯಿತು. ಹಾಗಾಗಿ ‘ನಿಮ್ಮ ಅಜ್ಜ ನಳಿಗೆ ಹೇಗೆ ಬೆಸೀತಿದ್ರು?’ ಎಂದು ಕಮ್ಮಾರರ ಮನೆಯಲ್ಲಿ ಕೇಳಿದರೆ, ‘ನಮ್ಗೆ ಕತ್ತಿ, ಹಾರೆ ಮಾತ್ರ ಗೊತ್ತು ಸ್ವಾಮಿ’ ಅನ್ನುವ ಉತ್ತರಕ್ಕೆ ತಯಾರಾಗಿಯೇ ಹೋಗಬೇಕು. ಕತ್ತಿಯಿಂದಲೇ ಮಾತು ಶುರು ಮಾಡುವುದು ಒಳ್ಳೇದು. ಕುಲುಮೆ, ಕಾವು, ಬೆಸುಗೆ ಎರಡಕ್ಕೂ ಒಂದೇ.