ಅಳುಕು ಮತ್ತು ಕೆಚ್ಚು

ಕನ್ನಡದಲ್ಲಿ ‘ಕೆಚ್ಚು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮರದ ನಡುವಿನ ಗಟ್ಟಿ ತಿರುಳು ಒಂದು. ಮನುಷ್ಯನ ಎದೆಯ ಧೈರ್ಯ ಇನ್ನೊಂದು. ಇವೆರಡಕ್ಕೂ ನಮ್ಮ ಹಿರಿಯರು ಒಂದೇ ಹೆಸರನ್ನಿಟ್ಟದ್ದು ಸುಮ್ಮನೆ ಅಲ್ಲ. ಕೋಲಾರ ಸೀಮೆಯ ಹಳೆಯ ಹುಣಿಸೆಮರವನ್ನು ಕಡಿದಾಗ ನೋಡಿ. ಹೊರಗಿನ ಭಾಗ ಬಿಳುಪು, ಮೆದು; ಒಳಗಿನದು ಕಪ್ಪು, ಕೊಡಲಿಯ ಬಾಯನ್ನು ಮೊಂಡುಮಾಡುವಷ್ಟು ಗಟ್ಟಿ. ಎಳೆಯ ಗಿಡದಲ್ಲಿ ಆ ಕಪ್ಪು ಇರುವುದಿಲ್ಲ. ಮಳೆ ಬಿಸಿಲುಗಳನ್ನುಂಡು ಮರ ಬೆಳೆದಂತೆ ಅದು ಕೆಚ್ಚು ಕಟ್ಟುತ್ತದೆ. ಹೊರಗಿನಿಂದ ಬಣ್ಣ ಬಳಿದರೆ ಅದು ಬರುವುದಿಲ್ಲ.

ಉದ್ಯೋಗದಲ್ಲಿ ಬೇಕಾದ ಆತ್ಮವಿಶ್ವಾಸವೂ ಹೀಗೆಯೇ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಸೇರಿದಂತಿರುವ ಊರು. ಈ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಓದು ಮುಗಿಸಿ ಬೆಂಗಳೂರಿನ ಕಛೇರಿಗೆ ಹೋದರೆ ಅಲ್ಲಿ ಇಂಗ್ಲಿಷು. “ನಾನು ಇಲ್ಲಿಗೆ ತಕ್ಕವನೇ? ನನ್ನಿಂದ ಇದು ಆದೀತೇ?” ಎಂಬ ಅಳುಕು ಮೊದಲ ದಿನವೇ ಹುಟ್ಟುತ್ತದೆ. ಕೆಲವರು ಅದನ್ನು ಮುಚ್ಚಲು ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ಕೆಲವರು ಗಂಟುಮೂಟೆ ಕಟ್ಟಿ ಊರಿಗೆ ಹಿಂದಿರುಗುತ್ತಾರೆ. ಮೊದಲನೆಯದು ಹಮ್ಮು, ಎರಡನೆಯದು ಸೋಲು. ಈ ಎರಡೂ ಅಲ್ಲದ ದಾರಿಯೊಂದುಂಟು. ಅದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಹಳೆಯ ಕೋಲಾರ ಜಿಲ್ಲೆಯ ಚರಿತ್ರೆಯನ್ನು ನೋಡಿದರೆ ಸಾಕು.

ಮುದ್ದೇನಹಳ್ಳಿ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ; ೨೦೦೭ರವರೆಗೆ ಕೋಲಾರ ಜಿಲ್ಲೆಯದಾಗಿತ್ತು. ಅಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಹುಡುಗರಿಗೆ ಮನೆಪಾಠ ಹೇಳಿ ತಮ್ಮ ಓದನ್ನು ಸಾಗಿಸಿದರು. ೧೮೮೧ರಲ್ಲಿ ಬಿ.ಎ. ಆಯಿತು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ ದೊರೆಯಿತು. ಇಷ್ಟು ಹೇಳಿದರೆ, “ಇಂಥವರಿಗೆ ಅಳುಕೆಲ್ಲಿಯದು?” ಎಂದು ನೀವು ಕೇಳಬಹುದು. ಮುಂದಿನ ಸಂಗತಿಯನ್ನು ಕೇಳಿ.

ಖಾನ್‌ದೇಶದ ಧುಳೆಯ ಕಡೆ ಪಾಂಜ್ರಾ ನದಿಯ ಕಾಲುವೆಯೊಂದಕ್ಕೆ ದಾತರ್ತಿ ಎಂಬ ಹಳ್ಳಿಯ ಬಳಿ ಸೈಫನ್ ಕಟ್ಟುವ ಕೆಲಸ ಅವರ ಪಾಲಿಗೆ ಬಂದಿತು. ಹಳ್ಳದ ತಳದಲ್ಲಿ ಕೊಳವೆಯನ್ನು ಹಾಯಿಸಿದರೆ ಈಚೆಯ ದಡದಲ್ಲಿ ಇಳಿದ ನೀರು ತನ್ನ ಒತ್ತಡದಿಂದಲೇ ಆಚೆಯ ದಡದಲ್ಲಿ ಮೇಲೇರುತ್ತದೆ. ಇದೇ ಸೈಫನ್ನಿನ ಮರ್ಮ. ಪುಸ್ತಕದಲ್ಲಿ ಇದು ಸುಲಭ. ಅಲ್ಲಿಯಾದರೋ ಮಳೆಗಾಲ; ಅಗೆದ ಕಡೆಯೆಲ್ಲ ಮರಳು ಬಂದು ತುಂಬುತ್ತಿತ್ತು. ಮಳೆ ನಿಲ್ಲುವವರೆಗೆ ಕೆಲಸವನ್ನು ಮುಂದಕ್ಕೆ ಹಾಕಬಹುದೆಂದು ಹೊಸ ಇಂಜಿನಿಯರು ಮೇಲಧಿಕಾರಿಗೆ ಬರೆದರು. ಅಧಿಕಾರಿಗೆ ಅದು ಒಪ್ಪಿಗೆಯಾಗಲಿಲ್ಲ. ಆಕ್ಷೇಪಣೆಯ ಉತ್ತರವೇ ಬಂದಿತು. ಆಗ ವಿಶ್ವೇಶ್ವರಯ್ಯನವರು ಮುನಿಸಿಕೊಂಡು ಕೂರಲಿಲ್ಲ. ಕೆಲಸವನ್ನು ಮುಗಿಸಿಕೊಡುವೆನೆಂದು ತಿಳಿಸಿ ಮಳೆಯಲ್ಲಿಯೇ ತೊಡಗಿದರು. ಒಮ್ಮೆ ಪ್ರವಾಹ ದಾರಿಗಟ್ಟಿದಾಗ ಈಜಿಯೇ ದಾಟಬೇಕಾಯಿತು. ಕಡೆಗೆ ಕೆಲಸ ಪೂರೈಸಿತು. ೧೯೫೧ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಹೊರತಂದ ತಮ್ಮ ಸ್ಮೃತಿಗ್ರಂಥದಲ್ಲಿ ಈ ಪ್ರಸಂಗವನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಇಲ್ಲಿ ನಾವು ಗಮನಿಸತಕ್ಕದ್ದು ಒಂದಿದೆ. ಮರಳೂ ಮಳೆಯೂ ನಿಜವಾದ ತೊಡಕುಗಳೇ. ಅವರ ಸಂದೇಹ ಹುಸಿಯಲ್ಲ. ಬದಲಾದದ್ದು ಪ್ರಶ್ನೆ ಮಾತ್ರ. “ಆಗುತ್ತದೆಯೇ?” ಎಂಬುದು ಹೋಗಿ “ಹೇಗೆ ಮಾಡಿದರೆ ಆದೀತು?” ಎಂಬುದು ಬಂದಿತು. ಮೊದಲನೆಯ ಪ್ರಶ್ನೆಗೆ ಉತ್ತರ ಕೂತಲ್ಲಿ ಸಿಕ್ಕದು. ಎರಡನೆಯದಕ್ಕೆ ಗುದ್ದಲಿ, ಕೊಳವೆ, ಕೂಲಿಯಾಳು, ದಿನಗಳ ಲೆಕ್ಕ ಇವುಗಳಲ್ಲಿ ಉತ್ತರವುಂಟು. ಖಡಕ್‌ವಾಸ್ಲಾ ಅಣೆಕಟ್ಟಿನ ತಾವಾಗಿ ತೆರೆಯುವ ಬಾಗಿಲುಗಳು, ೧೯೦೮ರ ಮೂಸಿ ಪ್ರವಾಹದ ಅನಂತರ ಹೈದರಾಬಾದಿನ ರಕ್ಷಣೆಯ ಯೋಜನೆ, ಕನ್ನಂಬಾಡಿ ಕಟ್ಟೆ ಇವೆಲ್ಲ ಆಮೇಲೆ ಬಂದವು. ದಾತರ್ತಿಯ ಆ ಚಿಕ್ಕ ಕೆಲಸ ಮೊದಲು ಬಂದಿತು.

ಅವರು ದಿವಾನರಾಗಿದ್ದ ಕಾಲದ (೧೯೧೨–೧೯೧೮) ಕಥೆಯೊಂದನ್ನು ಹಿರಿಯರು ಹೇಳುವುದುಂಟು. ಶಾಲೆಯೊಂದರಲ್ಲಿ ಉಪಾಧ್ಯಾಯರ ಒತ್ತಾಯಕ್ಕೆ ಸಿದ್ಧತೆಯಿಲ್ಲದೆ ಮಕ್ಕಳಿಗೆ ನಾಲ್ಕು ಮಾತಾಡಿದರಂತೆ. ಅದು ಮನಸ್ಸಿಗೆ ಒಪ್ಪದೆ, ಕೆಲವು ದಿನಗಳ ಮೇಲೆ ಭಾಷಣವನ್ನು ಸಿದ್ಧಪಡಿಸಿಕೊಂಡು ಮತ್ತೆ ಬಂದು ಮಾತಾಡಿದರಂತೆ. ದಿವಾನರಿಗೆ ಹಳ್ಳಿಯ ಮಕ್ಕಳ ಮುಂದೆ ಎಂಥ ಅಂಜಿಕೆ? ಅಂಜಿಕೆಯಲ್ಲ, ಎಚ್ಚರ. ಅಳುಕನ್ನು ಸಿದ್ಧತೆಯಾಗಿ ಮಾರ್ಪಡಿಸಿಕೊಂಡವನಿಗೆ ಅದು ಶತ್ರುವಲ್ಲ, ಸೇವಕ.

“ಅವರು ಪರೀಕ್ಷೆಯಲ್ಲಿ ಮೊದಲಿಗರು, ನಮ್ಮ ಗತಿಯೇನು?” ಎನ್ನುವವರಿಗಾಗಿ ಮುಳಬಾಗಿಲಿನ ಒಬ್ಬರನ್ನು ನೆನೆಯೋಣ. ೧೮೮೭ರಲ್ಲಿ ಅಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗೆ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರಖಾನೆಯ ಕೆಲಸಕ್ಕೂ ನಿಂತರು. ಅನಂತರ ಬೆಂಗಳೂರಿಗೆ ಬಂದು ಪತ್ರಿಕೆಗಳಿಗೆ ಬರೆಯತೊಡಗಿದರು. ಪದವಿಯಿಲ್ಲವೆಂಬ ಕೊರತೆಯನ್ನು ಅವರು ಮಾತಿನಿಂದ ಮುಚ್ಚಲಿಲ್ಲ, ಓದಿನಿಂದ ತುಂಬಿದರು. ಹಾನಗಲ್ ವಿರೂಪಾಕ್ಷಶಾಸ್ತ್ರಿಗಳಂಥ ವಿದ್ವಾಂಸರ ಬಳಿ ಕುಳಿತು ಶಾಸ್ತ್ರಪಾಠ ಕೇಳಿದರು. ರಾಜ್ಯಶಾಸ್ತ್ರವನ್ನು ತಾವೇ ಓದಿಕೊಂಡರು. ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು. ೧೯೩೨ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠ ಅವರದಾಯಿತು. ಮೆಟ್ರಿಕ್ಯುಲೇಷನ್ ದಾಟದವರಿಗೆ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಪರೀಕ್ಷೆಯ ಫಲ ಒಂದು ದಿನದ ತೀರ್ಪು. ದುಡಿಮೆಯದು ಬಾಳೆಲ್ಲದರ ತೀರ್ಪು.

ಆದ್ದರಿಂದ ಹೊಸದಾಗಿ ಕೆಲಸಕ್ಕೆ ಸೇರಿದವರು ಧೈರ್ಯ ಬರಲೆಂದು ಕಾದು ಕುಳಿತುಕೊಳ್ಳಬೇಕಾಗಿಲ್ಲ. ಧೈರ್ಯ ಬಂದ ಮೇಲೆ ಕೆಲಸವಲ್ಲ, ಕೆಲಸದ ಹಿಂದೆ ಧೈರ್ಯ. “ನನಗೇನೂ ತಿಳಿಯದು” ಎಂದು ಕೊರಗುವುದಕ್ಕೆ ಬದಲು, ತಿಳಿಯದೆ ಇರುವುದು ಯಾವುದೆಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಬೆಟ್ಟದಂತಿದ್ದ ಅಳುಕು ನಾಲ್ಕೈದು ಸಾಲಿಗೆ ಇಳಿಯುತ್ತದೆ. ಎರಡನ್ನು ಪುಸ್ತಕ ಹೇಳೀತು, ಒಂದನ್ನು ಪಕ್ಕದ ಮೇಜಿನ ಹಿರಿಯರು ಹೇಳಿಯಾರು. ಉಳಿದುದನ್ನು ಕೈಕೆಲಸವೇ ಕಲಿಸುತ್ತದೆ.

ಮೇಲಿನ ಸ್ಥಾನದಲ್ಲಿರುವ ಹಿರಿಯರಿಗೂ ಒಂದು ಮಾತು. ದಾತರ್ತಿಯ ಆ ಅಧಿಕಾರಿ ಗದರಿಸಿದರು, ನಿಜ; ಆದರೆ ಹೊಸಬರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ನಿಮ್ಮ ಕಛೇರಿಗೆ ರಾಯಲ್ಪಾಡಿನಂಥ ಊರಿನಿಂದ ತೊದಲುತ್ತ ಬಂದ ಹುಡುಗನಿಗೋ ಹುಡುಗಿಗೋ ಬೇಕಾದರೆ ಎರಡು ಮಾತು ಗಟ್ಟಿಯಾಗಿಯೇ ಹೇಳಿ. ಕೆಲಸವನ್ನು ಮಾತ್ರ ಅವರ ಕೈಯಲ್ಲಿಯೇ ಬಿಡಿ.